ಬೀಫ್ ಕ್ಯಾಟಲ್ ತರಬೇತಿಯಿಂದ ನಮ್ಮ ಕಡೆ ಪಶುವೈದ್ಯರಿಗೆ ಏನು ಉಪಯೋಗ? ಹಾವೇರಿ, ಗದಗ, ಧಾರವಾಡದವರು ಹೇಳಿ

ಹಾನಗಲ್_ಪಶುವೈದ್ಯ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡ್ತೀನಿ. ನನ್ನ ಬ್ಯಾಚಿನ ಗೆಳೆಯರೊಬ್ಬರು ಪಶುವೈದ್ಯರಿಗಾಗಿಯೇ ನಡೆಸುವ ಒಂದು ಆನ್‌ಲೈನ್ ತರಬೇತಿಯ ವಿವರ ಕಳಿಸಿದ್ದಾರೆ. ವಿದೇಶದ್ದು. ವಿಷಯ ಬೀಫ್ ಕ್ಯಾಟಲ್, ಅಂದ್ರೆ ಮಾಂಸಕ್ಕಾಗಿ ಸಾಕುವ ದನಗಳ ಆರೋಗ್ಯ ಮತ್ತು ಹಿಂಡಿನ ನಿರ್ವಹಣೆ. ಪಾಠಗಳ ಪಟ್ಟಿ ನೋಡಿದ್ರೆ ಆಸೆ ಆಗುತ್ತೆ. ದನದ ಮೈಕಟ್ಟಿಗೆ ಅಂಕ ಕೊಡುವುದು, ಹೋರಿಯ ಸಂತಾನಶಕ್ತಿ ಪರೀಕ್ಷೆ, ಕರುಗಳ ಭೇದಿ, ಲಸಿಕೆಯ ಯೋಜನೆ, ಶವಪರೀಕ್ಷೆ, ದಾಖಲೆ ಓದಿ ಹಿಂಡಿನ ತೊಂದರೆ ಹಿಡಿಯುವುದು.

ಆದರೆ ಶುಲ್ಕ ಜಾಸ್ತಿ ಇದೆ. ಅಲ್ಲಿನ ಹೊತ್ತಿಗೆ ಸರಿಯಾಗಿ ರಾತ್ರಿ ಕೂತು ಕೇಳಬೇಕು. ನಮ್ಮ ಸುತ್ತಮುತ್ತ ಬೀಫ್ ಫಾರ್ಮ್ ಅನ್ನುವುದೇ ಇಲ್ಲ. 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಆ ಮಾತೂ ಮುಗಿಯಿತು. ನನ್ನ ಕೈಗೆ ಬರುವುದು ಎತ್ತು, ಜವಾರಿ ಆಕಳು, ಎಚ್‌ಎಫ್ ಕ್ರಾಸ್ (ವಿದೇಶಿ ಹಾಲಿನ ತಳಿ ಬೆರೆತ ಆಕಳು), ಎಮ್ಮೆ, ಕುರಿ.

ಆದರೂ ಯಾಕೆ ಕೇಳ್ತಿದ್ದೀನಿ ಅಂದ್ರೆ, ಐದೂವರೆ ವರ್ಷದ ಪಶುವೈದ್ಯ ಪದವಿ ಬಿವಿಎಸ್ಸಿಯಲ್ಲಿ ನಮಗೆ ಒಂದೊಂದೇ ರೋಗ, ಒಂದೊಂದೇ ಪ್ರಾಣಿ ಕಲಿಸಿದರು. ಚೆನ್ನಾಗಿಯೇ ಕಲಿಸಿದರು. ಆದರೆ ಅರವತ್ತು ಎಮ್ಮೆ ಮುಂದೆ ನಿಲ್ಲಿಸಿ "ಈ ಹಿಂಡಿಗೆ ಏನಾಗಿದೆ ಹೇಳು" ಅಂತ ಯಾರೂ ಕೇಳಲಿಲ್ಲ. ಫೀಲ್ಡಿಗೆ ಬಂದ ಮೇಲೆ ಅದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತೆ. ಈ ತರಬೇತಿ ಮಾಡಿದವರು ಯಾರಾದ್ರೂ ಇದ್ದೀರಾ? ಇಲ್ಲ, ಇದನ್ನೇ ನಮ್ಮ ದನಗಳ ಮೇಲೆ ಇಲ್ಲೇ ಕಲಿಯುವ ದಾರಿ ಇದೆಯಾ?

ಬ್ಯಾಡಗಿ_ಹುಡುಗ

ಬೇಡ ಡಾಕ್ಟ್ರೇ. ಆ ದುಡ್ಡಲ್ಲಿ ಗರ್ಭ ನೋಡುವ ಸ್ಕ್ಯಾನಿಂಗ್ ಮಷಿನ್‌ಗೆ ಮುಂಗಡ ಕೊಡಿ. ಹತ್ತು ಹಳ್ಳಿಗೆ ಉಪಕಾರ ಆಗುತ್ತೆ.

ಶಿಗ್ಗಾಂವಿ_ಎಐ_ಕಾರ್ಯಕರ್ತ

ಎಐ, ಅಂದ್ರೆ ಕೃತಕ ಗರ್ಭಧಾರಣೆ ಕೆಲಸ ಮಾಡುವವನು ನಾನು. ನಾನೂ ಅದೇ ಹೇಳ್ತೀನಿ ಸರ್. ಅಲ್ಲಿ ಒಬ್ಬನ ಹತ್ತಿರ ನೂರಾರು ದನ. ಇಲ್ಲಿ ನೂರು ಮನೆಯಲ್ಲಿ ಎರಡೆರಡು ದನ. ಹಿಂಡೇ ಇಲ್ಲದ ಮೇಲೆ ಹಿಂಡಿನ ನಿರ್ವಹಣೆ ಎಲ್ಲಿಂದ ಬಂತು?

ನಿವೃತ್ತ_ಪಶುವೈದ್ಯ_ಗದಗ

ಎಐ ಕಾರ್ಯಕರ್ತರೇ, ನಿಮ್ಮ ಮಾತು ಒಪ್ಪುವುದಿಲ್ಲ. ಆ ನೂರು ಮನೆಯ ದನ ಬೆಳಿಗ್ಗೆ ಎಲ್ಲಿಗೆ ಹೋಗುತ್ತವೆ? ಒಂದೇ ಗಾಯರಾಣಕ್ಕೆ, ಅಂದ್ರೆ ಊರ ಮೇವಿನ ಬಯಲಿಗೆ. ನೀರು ಕುಡಿಯುವುದು ಒಂದೇ ಕೆರೆಯಲ್ಲಿ. ಊರ ಹೋರಿ ಒಂದೇ. ಉಣ್ಣೆ, ನೊಣ, ಸೊಳ್ಳೆ ಎಲ್ಲವೂ ಅವೇ. ಮಾಲೀಕರು ನೂರು ಜನ ಇರಬಹುದು, ರೋಗಕ್ಕೆ ಮಾತ್ರ ಅದು ಒಂದೇ ಹಿಂಡು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಇದನ್ನು ನಾವೆಲ್ಲ ಕಣ್ಣಾರೆ ಕಂಡೆವು, ಅಲ್ವಾ? ಹಾವೇರಿ ಕಡೆ ಎಂಥ ಹೊಡೆತ ಬಿತ್ತು! ಗಂಟು ಎದ್ದ ಆಕಳಿಗೆ ಸೂಜಿ ಚುಚ್ಚುತ್ತಾ ಮನೆ ಮನೆ ತಿರುಗಿದೆವು. ಆದರೆ ಪಕ್ಕದ ಓಣಿಯ ಚೆನ್ನಾಗಿದ್ದ ದನಕ್ಕೆ ಮೊದಲು ಲಸಿಕೆ ಹಾಕಿ, ಊರ ಸುತ್ತ ಬೇಲಿ ಕಟ್ಟಿದ ಹಾಗೆ ಕೆಲಸ ಮಾಡಿದ ಕಡೆ ಸಾವು ಕಡಿಮೆ ಆಯಿತು. ಅದೇ ಹಿಂಡಿನ ಲೆಕ್ಕದಲ್ಲಿ ಯೋಚಿಸುವುದು.

ಇನ್ನು ಹಾನಗಲ್ ಡಾಕ್ಟ್ರಿಗೆ ಒಂದು ಮಾತು. ನನ್ನ ನೌಕರಿಯ ಶುರುವಿನಲ್ಲಿ ಒಬ್ಬ ಹಿರಿಯ ಪಶುವೈದ್ಯರು ಇದ್ದರು. ಔಷಧಿ ಪೆಟ್ಟಿಗೆ ಜೀಪಿನಲ್ಲೇ ಬಿಟ್ಟು, ದನ ಬಿಡುವ ಹೊತ್ತಿಗೆ ದನ ಕೂಡುವ ದಡ್ಡಿಯ ಬಾಗಿಲ ಪಕ್ಕ ಸುಮ್ನೆ ನಿಲ್ಲುತ್ತಿದ್ದರು. ಯಾವುದು ಕೊನೆಗೆ ಬರುತ್ತೆ, ಯಾವುದು ಹಿಂಗಾಲು ಎಳೆಯುತ್ತೆ, ಯಾವುದರ ಎಡ ಪಕ್ಕೆಯ ಗುಳಿ ಒಳಗೆ ಹೋಗಿದೆ, ಸೆಗಣಿ ಗಟ್ಟಿ ಬಿದ್ದಿದೆಯೋ ನೀರಾಗಿ ಚಿಮ್ಮಿದೆಯೋ, ಅಷ್ಟನ್ನು ನೋಡುತ್ತಿದ್ದರು. ಎಡ ಪಕ್ಕೆ ಗುಳಿ ಬಿದ್ದಿದ್ದರೆ ಅದು ನಿನ್ನೆಯಿಂದ ಸರಿಯಾಗಿ ಮೇಯ್ದಿಲ್ಲ. ಬಾಲದ ಬುಡ, ಸೊಂಟದ ಮೂಳೆ, ಪಕ್ಕೆಲುಬು ನೋಡಿ ಮೈಕಟ್ಟಿಗೆ ಅಂಕ. ಆಮೇಲೆ ಗೋದಲಿಯಲ್ಲಿ ಏನು ಉಳಿದಿದೆ ಅಂತ ಕೈ ಹಾಕಿ ನೋಡುವುದು. ಥರ್ಮಾಮೀಟರ್ ಕೊನೆಗೆ. ಬೀಫ್ ತರಬೇತಿಯಲ್ಲಿ ಕಲಿಸುವ ಮೊದಲ ಪಾಠವೂ ಇದೇ ಇರುತ್ತೆ. ಕಲಿಯಿರಿ, ಬಿಡಬೇಡಿ.

ಹುಬ್ಬಳ್ಳಿಯಿಂದ_ನೆಬ್ರಾಸ್ಕಾ

ನಾನು ಹುಬ್ಬಳ್ಳಿಯವಳು. ಬಿವಿಎಸ್ಸಿ ಕರ್ನಾಟಕದಲ್ಲೇ ಓದಿದ್ದು, ಈಗ ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ದನದ ಕೆಲಸ. ಈ ರಾಜ್ಯದಲ್ಲಿ ಜನರಿಗಿಂತ ದನಗಳೇ ಜಾಸ್ತಿ. ಇಲ್ಲಿನ ಕ್ಲೇ ಸೆಂಟರ್ ಅನ್ನುವ ಊರಲ್ಲಿ ಪಶುವೈದ್ಯರಿಗೆ ದನದ ಹಿಂಡಿನ ಮೇಲೆಯೇ ಪಾಠ ಹೇಳುವ ವಿಶ್ವವಿದ್ಯಾಲಯದ ಕೇಂದ್ರ ಇದೆ, ಪಕ್ಕದಲ್ಲೇ ದೊಡ್ಡ ಸಂಶೋಧನಾ ಫಾರ್ಮ್. ಆ ಥರದ ತರಬೇತಿಗಳಲ್ಲಿ ನಮ್ಮೂರಿಗೆ ಏನು ಹೊಂದುತ್ತೆ, ಏನು ಹೊಂದಲ್ಲ ಅಂತ ನಾನು ಕಂಡಿದ್ದನ್ನು ಹೇಳ್ತೀನಿ.

ಹೊಂದದೇ ಇರುವುದು ಮೊದಲು. ಇಲ್ಲಿ ಹೋರಿ ಬಿಡುವುದು ವರ್ಷದಲ್ಲಿ 60ರಿಂದ 90 ದಿನ ಮಾತ್ರ. ಆಮೇಲೆ ಎಲ್ಲ ಆಕಳ ಗರ್ಭ ಪರೀಕ್ಷೆ. ಗಬ್ಬ ಆಗದೇ ಇದ್ದವು ಮಾರಾಟಕ್ಕೆ, ಅಂದ್ರೆ ಕಸಾಯಿಖಾನೆಗೆ. ಇಲ್ಲಿನ ಹಿಂಡಿನ ಲೆಕ್ಕಾಚಾರ ಎಲ್ಲ ನಿಂತಿರುವುದು ಆ ಒಂದು ತೀರ್ಮಾನದ ಮೇಲೆ. ನಮ್ಮಲ್ಲಿ ಅದು ನಡೆಯಲ್ಲ. ಫೀಡ್‌ಲಾಟ್ ಪಾಠಗಳೂ ಅಷ್ಟೆ. ಸಾವಿರಾರು ಕರುಗಳನ್ನು ಒಂದೆಡೆ ಕೂಡಿಹಾಕಿ ಜೋಳ ತಿನ್ನಿಸಿ ದಪ್ಪ ಮಾಡುವ ಕೆಲಸ ನಮ್ಮ ಕಡೆ ಇಲ್ಲ.

ಹೊಂದುವುದರಲ್ಲಿ ನನಗೆ ಬಹಳ ಹಿಡಿಸಿದ್ದು ಕರು ಭೇದಿಗೆ ಇಲ್ಲಿ ಕಂಡುಹಿಡಿದ ಒಂದು ಪದ್ಧತಿ. ಸ್ಯಾಂಡ್‌ಹಿಲ್ಸ್ ಅಂತ ಇಲ್ಲಿನ ಮರಳು ದಿಬ್ಬಗಳ ಸೀಮೆ, ಆ ಹೆಸರೇ ಪದ್ಧತಿಗೂ ಬಂದಿದೆ. ಗಬ್ಬದ ಆಕಳೆಲ್ಲ ಒಂದು ಹುಲ್ಲುಗಾವಲಿನಲ್ಲಿ ಈಯಲು ಶುರು ಮಾಡುತ್ತವೆ. ಎರಡು ವಾರ ಆದ ಮೇಲೆ ಈದ ಆಕಳು ಮತ್ತು ಕರು ಅಲ್ಲೇ ಉಳಿಯುತ್ತವೆ. ಇನ್ನೂ ಈಯದೇ ಇರುವವನ್ನು ಹೊಸ ಜಾಗಕ್ಕೆ ಹೊಡೆಯುತ್ತಾರೆ. ವಾರ ಬಿಟ್ಟು ಮತ್ತೆ ಹಾಗೇ. ಹೀಗಾಗಿ ಪ್ರತಿ ಜಾಗದಲ್ಲಿ ಹೆಚ್ಚುಕಡಿಮೆ ಒಂದೇ ವಯಸ್ಸಿನ ಕರು ಇರುತ್ತವೆ. ದೊಡ್ಡ ಕರು ಹೊರಹಾಕಿದ ಸೋಂಕು ಆಗತಾನೆ ಹುಟ್ಟಿದ ಕರುವಿನ ಬಾಯಿಗೆ ಹೋಗಲ್ಲ. ಎಲ್ಲಕ್ಕಿಂತ ಎಳೆಯ ಕರುವಿಗೆ ನಾಲ್ಕು ವಾರ ಆದ ಮೇಲೆ ಎಲ್ಲವನ್ನೂ ಕೂಡಿಸಬಹುದು. ಇದಕ್ಕೆ ಒಂದು ಗುಳಿಗೆಯೂ ಬೇಡ.

ಎಮ್ಮೆ_ದಡ್ಡಿ

ಅಕ್ಕಾರ, ನಾವು ಕಲಘಟಗಿ ಕಡೆ ಎಮ್ಮೆ ಸಾಕುವ ಗೌಳಿಗರು. ನೀವು ಹೇಳಿದ್ದು ಓದಿ ನಮ್ಮ ದಡ್ಡಿ ನೆನಪಾಯಿತು. ನಮ್ಮಲ್ಲಿ ಎಲ್ಲ ಕರುಗಳನ್ನು ಒಂದೇ ಮೂಲೆಯಲ್ಲಿ ಕಟ್ಟುತ್ತೇವೆ. ನಿನ್ನೆ ಹುಟ್ಟಿದ್ದೂ ಅಲ್ಲೇ, ಮೂರು ತಿಂಗಳದ್ದೂ ಅಲ್ಲೇ. ಮಳೆಗಾಲದಲ್ಲಿ ಕರು ಸಾಯುವುದು ತಪ್ಪಲ್ಲ. ಪ್ರತಿ ಸಲ ಡಾಕ್ಟ್ರು ಬಂದು ಸಲೈನ್ ಹಚ್ಚುತ್ತಾರೆ. ಒಂದು ಉಳಿಯುತ್ತೆ, ಎರಡು ಹೋಗುತ್ತವೆ. ಮೂಲೆ ಬದಲು ಮಾಡಿ ಅಂತ ಯಾರೂ ಹೇಳಲಿಲ್ಲರೀ.

ಹುಬ್ಬಳ್ಳಿಯಿಂದ_ನೆಬ್ರಾಸ್ಕಾ

ಅಣ್ಣಾ, ಹುಲ್ಲುಗಾವಲು ಬದಲಿಸುವುದು ನಿಮಗೆ ಆಗಲ್ಲ, ಮೂಲೆ ಬದಲಿಸುವುದು ಖಂಡಿತ ಆಗುತ್ತೆ. ಒಂದು ತಿಂಗಳ ಒಳಗಿನವು ಒಂದು ಕಡೆ, ಒಣಗಿದ ನೆಲ, ಬೇರೆ ಬಕೆಟ್. ದೊಡ್ಡವು ಆಚೆ ಕಡೆ. ಮೊದಲು ಸಣ್ಣ ಕರುಗಳ ಕೆಲಸ ಮುಗಿಸಿ, ಆಮೇಲೆ ದೊಡ್ಡವುಗಳ ಹತ್ತಿರ ಹೋಗಿ. ಇನ್ನೊಂದು ಕೇಳ್ತೀನಿ, ಗಿಣ್ಣದ ಹಾಲು ಯಾವಾಗ ಕುಡಿಸ್ತೀರಿ?

ಎಮ್ಮೆ_ದಡ್ಡಿ

ಕಸ, ಅಂದ್ರೆ ಈದ ಮೇಲಿನ ಮಾಸು ಬಿದ್ದ ಮೇಲೆ. ಅದಕ್ಕೆ ಮುಂಚೆ ಕುಡಿಸಬಾರದು ಅಂತ ಹಿರಿಯರ ಮಾತು.

ಕುಂದಗೋಳ_ಲೇಡಿ_ಡಾಕ್ಟ್ರು

ಅಣ್ಣಾವ್ರೇ, ದಯವಿಟ್ಟು ಅದೊಂದು ಬಿಡಿ. ಕಸ ಬೀಳಲು ಎಮ್ಮೆಗೆ ಎಂಟು ಹತ್ತು ಗಂಟೆ ಆದರೂ ಆಗಬಹುದು. ಕರುವಿನ ಕರುಳು ಗಿಣ್ಣದ ಹಾಲಿನ ರೋಗನಿರೋಧಕ ಶಕ್ತಿಯನ್ನು ಹೀರುವುದು ಮೊದಲ ಕೆಲವು ಗಂಟೆಗಳಲ್ಲಿ ಜಾಸ್ತಿ, ಒಂದು ದಿನ ಕಳೆಯುವುದರೊಳಗೆ ಆ ಬಾಗಿಲು ಮುಚ್ಚಿಹೋಗುತ್ತೆ. ಹುಟ್ಟಿದ ಒಂದೆರಡು ಗಂಟೆಯೊಳಗೆ ಕುಡಿಸಿ. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಪಾಲಿನಷ್ಟು ಹೊಟ್ಟೆಗೆ ಹೋಗಲಿ. 30 ಕಿಲೋ ಕರು ಅಂದ್ರೆ ಮೂರು ಲೀಟರ್. ಕರು ಮೊಲೆ ಚೀಪಿದರೆ ಕಸ ಬೇಗ ಬೀಳಲು ಅದೇ ಸಹಾಯ.

ಎಮ್ಮೆ ಕರುವಿಗೆ ಇನ್ನೊಂದು ಇದೆ. ದುಂಡು ಜಂತು ತಾಯಿಯ ಹಾಲಿನಿಂದಲೇ ಬರುತ್ತೆ. ಹುಟ್ಟಿದ ಎರಡು ಮೂರು ವಾರದೊಳಗೆ ಜಂತಿನ ಔಷಧಿ ಹಾಕಿಸಿ. ಮಣ್ಣಿನ ಬಣ್ಣದ ನಾರುವ ಭೇದಿ ಇದ್ದರೆ ನನಗಂತೂ ಮೊದಲು ಅದರ ಮೇಲೇ ಅನುಮಾನ.

ಹಾನಗಲ್ ಸರ್, ಇದನ್ನು ನೋಡಿದಿರಾ? ಎರಡು ಪ್ರಶ್ನೆ ಕೇಳಿದ್ದಕ್ಕೆ ಇಡೀ ದಡ್ಡಿಯ ರೋಗ ಅರ್ಧ ತಿಳಿಯಿತು. ನೀವು ಹುಡುಕುತ್ತಿರುವ ತರಬೇತಿಯೂ ಇಂಥದ್ದೇ ಅಲ್ವಾ?

ಶಿಗ್ಗಾಂವಿ_ಎಐ_ಕಾರ್ಯಕರ್ತ

ಮೇಡಂ, ಎಲ್ಲ ಸರಿ. ಆದರೆ ಡಾಕ್ಟ್ರಿಗೆ ಟೈಮ್ ಎಲ್ಲಿದೆ? ಒಬ್ಬ ಡಾಕ್ಟ್ರಿಗೆ ಎರಡು ಮೂರು ಆಸ್ಪತ್ರೆಯ ಚಾರ್ಜು. ಬೆಳಿಗ್ಗೆ ಒಪಿಡಿ, ಮಧ್ಯಾಹ್ನ ಮೀಟಿಂಗು, ಸಂಜೆ ಆ್ಯಪ್‌ನಲ್ಲಿ ಎಂಟ್ರಿ. ದಡ್ಡಿ ಬಾಗಿಲಲ್ಲಿ ನಿಂತು ನೋಡುವುದು ರಿಟೈರ್ಡ್ ಸರ್ ಕಾಲಕ್ಕೆ ಸರಿ. ಮತ್ತೆ ರೈತರೂ ಹಾಗೇ. ಸೂಜಿ ಚುಚ್ಚಿದರೆ ದುಡ್ಡು ಕೊಡ್ತಾರೆ. ಒಂದು ತಾಸು ಕೂತು ಸಲಹೆ ಕೊಟ್ಟರೆ ಚಹಾ ಕೊಟ್ಟು ಕಳಿಸ್ತಾರೆ.

ಡೇರಿ_ನವಲಗುಂದ

ಎಲ್ಲ ರೈತರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಮ್ಮದು ಎಚ್‌ಎಫ್ ಡೇರಿ. ತಿಂಗಳಿಗೊಮ್ಮೆ ಒಬ್ಬ ಖಾಸಗಿ ಪಶುವೈದ್ಯರು ಬರ್ತಾರೆ, ಇಷ್ಟು ಅಂತ ತಿಂಗಳ ಫೀ ಕೊಡ್ತೀವಿ. ಬಂದ ದಿನ ಸೂಜಿಯೇ ಹಾಕದೆ ಹೋಗಿದ್ದೂ ಇದೆ. ಪುಸ್ತಕ ತೆಗೆಸಿ ಯಾವುದು ಈದು ಎಷ್ಟು ದಿನ ಆಯಿತು, ಯಾವುದು ಬೆದೆಗೆ ಬಂದಿಲ್ಲ, ಯಾವುದಕ್ಕೆ ಎರಡನೇ ಸಲ ಕೆಚ್ಚಲು ಬಾವು ಬಂತು ಅಂತ ಕೇಳ್ತಾರೆ. ಕೆಚ್ಚಲು ಬಾವು ಒಂದೇ ಸಾಲಿನ ಆಕಳುಗಳಿಗೆ ಬರ್ತಿದೆ ಅಂತ ಹಿಡಿದವರು ಅವರೇ. ಆ ಸಾಲಿನ ನೆಲ ತಗ್ಗಾಗಿ ಗಂಜಲ ನಿಲ್ಲುತ್ತಿತ್ತು. ನೆಲ ಎತ್ತರಿಸಿದೆವು. ಆಮೇಲೆ ಆಂಟಿಬಯೋಟಿಕ್ ಖರ್ಚು ನನಗೇ ಗೊತ್ತಾಗುವಷ್ಟು ಇಳಿಯಿತು. ಸಲಹೆಗೆ ದುಡ್ಡು ಕೊಡಲ್ಲ ಅನ್ನುವ ಮಾತು ಸುಳ್ಳು. ಲಾಭ ಕಂಡರೆ ಕೊಡ್ತಾರೆ.

ಹೋರಿ_ಪ್ರೇಮಿ_ರಾಣೆಬೆನ್ನೂರು

ಡಾಕ್ಟ್ರುಗಳೆಲ್ಲ ಸೇರಿದ್ದೀರಿ, ಒಂದು ಕೇಳಿಬಿಡ್ತೀನಿ. ದೀಪಾವಳಿ ಆದ ಮೇಲೆ ನಮ್ಮ ಕಡೆ ಕೊಬ್ಬರಿ ಹೋರಿ ಬೆದರಿಸುವ ಹಬ್ಬ. ನಮ್ಮ ಹೋರಿಗೆ ಹಬ್ಬ ಹತ್ತಿರ ಬಂದಾಗ ಹುರುಳಿ, ಹತ್ತಿಕಾಳು, ಮೆಕ್ಕೆಜೋಳದ ನುಚ್ಚು ಜಾಸ್ತಿ ಮಾಡ್ತೀವಿ. ಕಳೆದ ಸಲ ಮೇವು ಬಿಟ್ಟು ಮಲಗಿಬಿಟ್ಟಿತು. ಸೆಗಣಿ ಹುಳಿ ವಾಸನೆ. ಯಾಕೆ?

ಹುಬ್ಬಳ್ಳಿಯಿಂದ_ನೆಬ್ರಾಸ್ಕಾ

ಹೊಟ್ಟೆ ಹುಳಿಯಾಗಿದೆ. ಇಲ್ಲಿ ಫೀಡ್‌ಲಾಟ್ ದನಗಳ ದೊಡ್ಡ ರೋಗವೇ ಅದು. ಕಾಳು ಒಮ್ಮೆಲೇ ಜಾಸ್ತಿ ಬಿದ್ದರೆ ಮೆಲುಕು ಚೀಲದಲ್ಲಿ ಆಮ್ಲ ಏರುತ್ತೆ, ಮೆಲುಕು ನಿಲ್ಲುತ್ತೆ, ಗೊರಸಿಗೂ ಪೆಟ್ಟು. ಕಾಳನ್ನು ಎರಡು ಮೂರು ವಾರ ತೆಗೆದುಕೊಂಡು ಸ್ವಲ್ಪ ಸ್ವಲ್ಪ ಏರಿಸಬೇಕು. ಮೊದಲು ಕಣಿಕೆ ಹೊಟ್ಟೆ ತುಂಬ ತಿನ್ನಲಿ, ಆಮೇಲೆ ಕಾಳು, ಅದನ್ನೂ ದಿನಕ್ಕೆ ಮೂರು ನಾಲ್ಕು ಸಲ ಹಂಚಿ ಹಾಕಿ. ಮೆಕ್ಕೆಜೋಳ ಸಣ್ಣಗೆ ಬೀಸಿದಷ್ಟೂ ಅಪಾಯ ಜಾಸ್ತಿ. ಫೀಡ್‌ಲಾಟ್ ಪಾಠ ನಮ್ಮ ಕಡೆ ಬೇಡ ಅಂತ ಮೇಲೆ ಬರೆದಿದ್ದೆ, ರಾಣೆಬೆನ್ನೂರಿನ ಹೋರಿಗೆ ಅದರ ಒಂದು ಪಾಠ ಬೇಕೇ ಬೇಕು.

ಕುಂದಗೋಳ_ಲೇಡಿ_ಡಾಕ್ಟ್ರು

ಜೊತೆಗೆ, ಹಬ್ಬದ ಮುಂಚೆ ನೋವಿನ ಸೂಜಿ ಹಾಕಿ ಓಡಿಸಬೇಡಿ. ಕುಂಟುವ ಹೋರಿಗೆ ನೋವು ಗೊತ್ತಾಗದೆ ಕಾಲು ಪೂರ್ತಿ ಹೋಗುತ್ತೆ. ಡೈಕ್ಲೋಫೆನಾಕ್ ಅಂತೂ ಪ್ರಾಣಿಗಳಿಗೆ 2006ರಿಂದ ನಿಷೇಧ. ಆ ದನ ಸತ್ತು ರಣಹದ್ದು ತಿಂದರೆ ಅದರ ಮೂತ್ರಪಿಂಡ ಕೆಟ್ಟು ಸಾಯುತ್ತೆ. ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ 2023ರಲ್ಲಿ ನಿಷೇಧ ಆದವು. ನೋವಿಗೆ ಮೆಲಾಕ್ಸಿಕಾಮ್ ಇದೆ, ಅದೂ ಡಾಕ್ಟ್ರು ನೋಡಿದ ಮೇಲೆ.

ಬ್ಯಾಡಗಿ_ಹುಡುಗ

ನಮ್ಮ ಪಕ್ಕದ ಮನೆಯವರು ಚರ್ಮಗಂಟು ಬಂದ ಆಕಳ ಹಾಲು ಕುಡಿದ್ರೆ ಮನುಷ್ಯರಿಗೂ ಗಂಟು ಏಳುತ್ತೆ ಅಂತ ಹಾಲು ಚೆಲ್ಲುತ್ತಿದ್ದರು. ನಿಜನಾ?

ಹಾನಗಲ್_ಪಶುವೈದ್ಯ

ಇಲ್ಲ. ಆ ರೋಗ ಮನುಷ್ಯರಿಗೆ ಬರಲ್ಲ. ಹಾಲು ಕಾಯಿಸಿ ಕುಡಿಯಬಹುದು. ಚಿಕಿತ್ಸೆ ನಡೆಯುತ್ತಿದ್ದರೆ ಮಾತ್ರ ಔಷಧಿಯ ಅಂಶ ಹಾಲಿನಿಂದ ಹೋಗುವ ತನಕ ಬಿಡಬೇಕು. ಎಷ್ಟು ದಿನ ಅಂತ ಬಾಟಲಿ ಮೇಲೆ ಬರೆದಿರುತ್ತೆ.

ಮನುಷ್ಯರಿಗೆ ಬರುವುದು ಬ್ರೂಸೆಲ್ಲಾ, ಅಂದ್ರೆ ದನ ಅವಧಿಗೆ ಮುಂಚೆ ಕರು ಹಾಕುವ ಕಂದು ರೋಗ. ಅದರ ಭಯ ಯಾರಿಗೂ ಇಲ್ಲ.

ಕುಂದಗೋಳ_ಲೇಡಿ_ಡಾಕ್ಟ್ರು

ಈ ವಿಷಯ ತೆಗೆದಿದ್ದು ಒಳ್ಳೆಯದಾಯಿತು. ತರಬೇತಿ ಅಂದ್ರೆ ನನಗೆ ಮೊದಲು ಬೇಕಾಗಿರುವುದು ಇದು. ಏಳು ಎಂಟು ತಿಂಗಳಿಗೆ ಕಂದು ಹಾಕಿದ ಎಮ್ಮೆ, ಕಸ ಒಳಗೇ ಉಳಿದಿದೆ, ರೈತ ಫೋನ್ ಮಾಡ್ತಾನೆ. ಹೋದರೆ ತೋಳುದ್ದದ ಕೈಗವಸು ಸ್ಟಾಕ್ ಇಲ್ಲ. ಬರಿಗೈ ಹಾಕಿ ಕಸ ತೆಗೆದವರು ನಮ್ಮಲ್ಲಿ ಎಷ್ಟೋ ಜನ. ಆಮೇಲೆ ತಿಂಗಳಾನುಗಟ್ಟಲೆ ಬಂದು ಹೋಗುವ ಜ್ವರ, ಕೀಲು ನೋವು, ರಾತ್ರಿ ಬೆವರು. ಟೈಫಾಯ್ಡ್ ಅಂತ ಔಷಧಿ ತಗೊಂಡು ತಿರುಗ್ತಾರೆ. ಲಸಿಕೆಯಲ್ಲೂ ಎಚ್ಚರ ಬೇಕು. ಬ್ರೂಸೆಲ್ಲಾಗೆ ಹಾಕುವ ಎಸ್19 ಜೀವಂತ ಲಸಿಕೆ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ, ಜೀವಮಾನಕ್ಕೆ ಒಮ್ಮೆ. ಹೋರಿಕರುವಿಗೆ ಇಲ್ಲ, ಗಬ್ಬದ ದನಕ್ಕೆ ಇಲ್ಲ. ಕೈಗೆ ಚುಚ್ಚಿಕೊಂಡರೆ, ಕಣ್ಣಿಗೆ ಹಾರಿದರೆ ತಕ್ಷಣ ಡಾಕ್ಟರ ಹತ್ತಿರ ಹೋಗಬೇಕು. ಕಾಲುಬಾಯಿ ಬೇನೆ ಮತ್ತು ಬ್ರೂಸೆಲ್ಲಾ ತಡೆಯಲು ಕೇಂದ್ರದ ಕಾರ್ಯಕ್ರಮ 2019ರಲ್ಲಿ ಶುರುವಾಯಿತು, ಲಸಿಕೆ ಉಚಿತ. ಹಾಕುವವರ ಜೀವ ಕಾಪಾಡುವ ಪಾಠ ಮಾತ್ರ ಒಂದು ಸ್ಲೈಡಿನಲ್ಲಿ ಮುಗಿದುಹೋಗುತ್ತೆ.

ಕಂದು ಹಾಕಿದ್ದನ್ನು ಒಂದು ಪ್ರಾಣಿಯ ತೊಂದರೆ ಅಂತ ನೋಡಿದರೆ ಕಸ ತೆಗೆದು ಬಂದುಬಿಡ್ತೀವಿ. ಹಿಂಡಿನ ತೊಂದರೆ ಅಂತ ನೋಡಿದರೆ ಉಳಿದ ಎಮ್ಮೆಗಳ ರಕ್ತ ತೆಗೀತೀವಿ, ಕೋಣದ್ದೂ ತೆಗೀತೀವಿ, ಬಿದ್ದ ಕಂದನ್ನು ಸುಣ್ಣ ಹಾಕಿ ಆಳಕ್ಕೆ ಹೂಳಿಸ್ತೀವಿ, ಆ ಮನೆಯವರಿಗೂ ಪರೀಕ್ಷೆ ಮಾಡಿಸಿ ಅಂತೀವಿ.

ನಿವೃತ್ತ_ಪಶುವೈದ್ಯ_ಗದಗ

ಮೇಡಂ ಮಾತಿಗೆ ಪೂರ್ತಿ ಸಹಮತ. ಶವಪರೀಕ್ಷೆಯದೂ ಅದೇ ಕಥೆ. ದನ ಇದ್ದಕ್ಕಿದ್ದಂತೆ ಸತ್ತು, ಬೇಗ ಉಬ್ಬಿ, ಮೂಗು ಬಾಯಿ ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಹೊಟ್ಟೆ ಕೊಯ್ಯಲೇಬಾರದು. ನೆರಡಿ ರೋಗ (ಆಂಥ್ರಾಕ್ಸ್) ಇದ್ದರೆ ಗಾಳಿ ತಾಗಿದ ಕೂಡಲೇ ರೋಗಾಣು ಬೀಜ ಕಟ್ಟುತ್ತೆ, ಆ ಮಣ್ಣು ದಶಕಗಟ್ಟಲೆ ಕೆಟ್ಟಂತೆ. ಕಿವಿಯ ನರದಿಂದ ಒಂದು ಹನಿ ರಕ್ತ ಗಾಜಿಗೆ ಸವರಿ ಲ್ಯಾಬಿಗೆ ಕಳಿಸಬೇಕು, ಅಷ್ಟೇ. ಉಳಿದ ಸಾವುಗಳಲ್ಲಿ ಕೊಯ್ದು ನೋಡಲೇಬೇಕು. ಒಂದು ಸತ್ತ ದನ ಸರಿಯಾಗಿ ನೋಡಿದರೆ ಹಿಂಡಿನ ಹತ್ತು ಉಳಿಯುತ್ತವೆ.

ಗೋಶಾಲೆ_ಸ್ವಯಂಸೇವಕ

ಇಲ್ಲಿ ಯಾರೂ ಗೋಶಾಲೆ ವಿಷಯ ತೆಗೆಯಲಿಲ್ಲ. ಹಿಂಡು ಇಲ್ಲ ಅಂದವರು ಒಮ್ಮೆ ಬಂದು ನೋಡಿ. ನೂರಾರು ದನ, ಎಲ್ಲೆಲ್ಲಿಂದಲೋ ಬಂದವು, ಯಾವುದಕ್ಕೆ ಯಾವ ರೋಗ ಇತ್ತು ಗೊತ್ತಿಲ್ಲ. ಬಂದ ದಿನವೇ ಹಳೆಯವುಗಳ ಜೊತೆ ಬಿಡ್ತಾರೆ. ಆರೈಕೆ ಮಾಡುವವರಿಗೆ ಭಕ್ತಿ ಇದೆ, ಪ್ರೀತಿ ಇದೆ. ಡಾಕ್ಟ್ರು ಬಂದರೆ ಬಿದ್ದ ದನಕ್ಕೆ ಸಲೈನ್ ಹಚ್ಚಿ ಹೋಗ್ತಾರೆ.

ಹುಬ್ಬಳ್ಳಿಯಿಂದ_ನೆಬ್ರಾಸ್ಕಾ

ಸರಿಯಾಗಿ ಹೇಳಿದಿರಿ. ಬೀಫ್ ತರಬೇತಿ ನೇರವಾಗಿ ಉಪಯೋಗಕ್ಕೆ ಬರುವ ಜಾಗ ನಮ್ಮಲ್ಲಿ ಯಾವುದಾದರೂ ಇದ್ದರೆ ಅದು ಗೋಶಾಲೆ. ಬೇರೆ ಬೇರೆ ಕಡೆಯಿಂದ ಬಂದ ದನ ಒಂದೆಡೆ ಕೂಡಿದಾಗ ಏನಾಗುತ್ತೆ ಅನ್ನುವುದನ್ನು ಈ ವಿದ್ಯೆ ಬಹಳ ವರ್ಷ ಅಭ್ಯಾಸ ಮಾಡಿದೆ. ಹೊಸ ದನ ಮೂರು ನಾಲ್ಕು ವಾರ ಬೇರೆ ಇರಲಿ. ಬ್ರೂಸೆಲ್ಲಾ ಮತ್ತು ಕ್ಷಯದ ಪರೀಕ್ಷೆ ಆಗಲಿ. ಜಂತಿನ ಔಷಧಿ, ಲಸಿಕೆ ಆದ ಮೇಲೆ ಒಳಗೆ ಬಿಡಿ. ಬಡಕಲು ದನಗಳಿಗೆ ಗೋದಲಿ ಬೇರೆ ಮಾಡಿ, ಇಲ್ಲದಿದ್ದರೆ ಕೊಂಬಿನ ಗಟ್ಟಿ ದನ ಮೇವೆಲ್ಲ ತಿಂದು ಅವು ಹಾಗೇ ಸೊರಗುತ್ತವೆ.

ಶಿಗ್ಗಾಂವಿ_ಎಐ_ಕಾರ್ಯಕರ್ತ

ಗೋಶಾಲೆ ತುಂಬುತ್ತಿರುವುದು ಯಾಕೆ ಅಂತಲೂ ಮಾತಾಡಿ. ಕಾಯ್ದೆ ಬಂತು, ಹಾಲು ಬಿಟ್ಟ ಆಕಳು, ಗಂಡು ಕರು ಯಾರೂ ಕೊಳ್ಳಲ್ಲ. ಎಮ್ಮೆಯದೂ ಅಷ್ಟೇ, ಪೂರ್ತಿ ಬಂದ್.

ಹಾನಗಲ್_ಪಶುವೈದ್ಯ

ಎಮ್ಮೆಗೆ ಪೂರ್ತಿ ಬಂದ್ ಅಲ್ಲ. ಕಾಯ್ದೆಯಲ್ಲಿ 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಪ್ರಮಾಣಪತ್ರ ಇದ್ದರೆ ಅವಕಾಶ ಇದೆ. ವಯಸ್ಸು ಹೇಳಲು ನಮಗಿರುವುದು ಹಲ್ಲು. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಐದಾರು ವರ್ಷಕ್ಕೆ ಎಂಟೂ ಹಲ್ಲು ಬಂದು ಬಾಯಿಗೂಡುತ್ತೆ. ಅಲ್ಲಿಂದ ಮುಂದೆ ಸವೆತ ನೋಡಿ ಅಂದಾಜು. ಕಲ್ಲು ನೆಲದಲ್ಲಿ ಮೇಯ್ದ ಎಮ್ಮೆಯ ಹಲ್ಲು ಬೇಗ ಸವೆಯುತ್ತೆ. 11 ಯಾವುದು, 13 ಯಾವುದು ಅಂತ ಬರೀ ಹಲ್ಲು ನೋಡಿ ಖಡಾಖಂಡಿತ ಹೇಳಲು ಆಗಲ್ಲ. ಹುಟ್ಟಿದಾಗಲೇ ಕಿವಿಗೆ 12 ಅಂಕಿಯ ಓಲೆ ಹಾಕಿ ದಿನಾಂಕ ಬರೆದಿದ್ದರೆ ಈ ಪ್ರಶ್ನೆಯೇ ಇರಲ್ಲ.

ಬ್ಯಾಡಗಿ_ಹುಡುಗ

ಆ ಕಾಯ್ದೆ ಸರಿ ಅಂತೀರಾ ತಪ್ಪು ಅಂತೀರಾ? ನೇರವಾಗಿ ಹೇಳಿ.

ನಿರ್ವಾಹಕ

ಕಾಯ್ದೆ ಸರಿಯೋ ತಪ್ಪೋ ಅನ್ನುವ ವಾದ ಇಲ್ಲಿ ಬೇಡ. ಅದಕ್ಕೆ ಬೇರೆ ಚರ್ಚೆ ತೆರೆಯಿರಿ. ಪಶುವೈದ್ಯರ ತರಬೇತಿ ಬಗ್ಗೆ ಮುಂದುವರಿಸಿ.

ಇಂಟರ್ನಿ_ಗದಗ

ಸರ್, ಮೇಡಂ, ನಾನು ಬಿವಿಎಸ್ಸಿ ಇಂಟರ್ನ್‌ಶಿಪ್‌ನಲ್ಲಿ ಇದ್ದೀನಿ. ಓದುತ್ತಾ ಕೂತಿದ್ದೆ, ಬರೆಯದೆ ಇರಲು ಆಗಲಿಲ್ಲ. ಹಾನಗಲ್ ಸರ್ ಹೇಳಿದ್ದು ನಿಜ. ಹೋರಿಯ ಸಂತಾನಶಕ್ತಿ ಪರೀಕ್ಷೆ ಪುಸ್ತಕದಲ್ಲಿ ಪೂರ್ತಿ ಓದಿದ್ದೀನಿ. ವೃಷಣದ ಸುತ್ತಳತೆ, ವೀರ್ಯ ಪರೀಕ್ಷೆ, ಕಾಲು, ಕಣ್ಣು ಎಲ್ಲ ಬಾಯಿಪಾಠ. ಊರಲ್ಲಿ ತಿರುಗುವ ಹೋರಿಯನ್ನು ಹಿಡಿದು ಅಳತೆ ಮಾಡಿದ್ದು ಮಾತ್ರ ಇಲ್ಲ. ಇದು ನಮ್ಮ ಕಡೆ ನಿಜವಾಗಿ ಬೇಕಾಗುತ್ತಾ?

ಎಮ್ಮೆ_ದಡ್ಡಿ

ಬೇಕು ತಮ್ಮಾ. ನಮ್ಮ ಹಿಂಡಿಗೆ ಒಂದೇ ಕೋಣ. ಅದು ನಮ್ಮಲ್ಲೇ ಹುಟ್ಟಿದ್ದು. ಈಗ ಅದರ ಮಕ್ಕಳೇ ಈಯುತ್ತಿವೆ. ಎರಡು ವರ್ಷದಿಂದ ಎಮ್ಮೆ ತಿರುಗಿ ತಿರುಗಿ ಬೆದೆಗೆ ಬರುತ್ತಿವೆ. ನಾವು ಎಮ್ಮೆಗಳಿಗೇ ಔಷಧಿ ಹಾಕಿಸ್ತಾ ಬಂದೆವು.

ಹಾನಗಲ್_ಪಶುವೈದ್ಯ

ನೋಡಿ, ಇಲ್ಲೇ ಇದೆ. ಎಮ್ಮೆ ಒಂದೊಂದಾಗಿ ಆಸ್ಪತ್ರೆಗೆ ಬಂದರೆ ನಾನು ಗರ್ಭಕೋಶ ತೊಳೆದು, ಹಾರ್ಮೋನ್ ಸೂಜಿ ಹಾಕಿ, ಖನಿಜ ಮಿಶ್ರಣ ಬರೆದುಕೊಡ್ತೀನಿ. ಕೋಣ ಯಾವತ್ತೂ ಆಸ್ಪತ್ರೆಗೆ ಬರಲ್ಲ. ಆಕಳಲ್ಲಿ ಒಂದು ಹೋರಿ 25–30 ಆಕಳಿಗೆ ಅಂತ ಲೆಕ್ಕ. ಅದೊಂದು ಸೋತರೆ ಹಿಂಡಿಗೆ ಹಿಂಡೇ ಖಾಲಿ. ಜೊತೆಗೆ ರಕ್ತಸಂಬಂಧದಲ್ಲೇ ಕೂಡಿಕೆ. ಗೌಳಿ ಅಣ್ಣಾ, ನಿಮ್ಮ ಎಮ್ಮೆ ಧಾರವಾಡಿ ತಳಿಯವಾ? ಅರ್ಧಚಂದ್ರದಂಥ ಕೊಂಬು, ಕಪ್ಪು ಮೈ?

ಎಮ್ಮೆ_ದಡ್ಡಿ

ಜವಾರಿ ಎಮ್ಮೆ ಅಂತೀವಿ. ಕೊಂಬು ನೀವು ಹೇಳಿದ ಹಾಗೇ.

ನಿವೃತ್ತ_ಪಶುವೈದ್ಯ_ಗದಗ

ಧಾರವಾಡಿ ಎಮ್ಮೆಗೆ 2021ರಲ್ಲಷ್ಟೇ ದೇಶದ ತಳಿಪಟ್ಟಿಯಲ್ಲಿ ಜಾಗ ಸಿಕ್ಕಿತು. ಧಾರವಾಡ ಪೇಡೆಯ ರುಚಿ ಬಂದದ್ದೇ ಈ ಎಮ್ಮೆಯ ಹಾಲಿನಿಂದ. ಮುರ್ರಾ ಅನ್ನುವ ಬೇರೆ ತಳಿಯ ವೀರ್ಯ ಎಲ್ಲ ಕಡೆ ಸಿಗುತ್ತೆ, ನಮ್ಮ ತಳಿಯ ಒಳ್ಳೆ ಕೋಣ ಹುಡುಕುವುದೇ ಕಷ್ಟ. ಪಕ್ಕದ ದಡ್ಡಿಯವರ ಜೊತೆ ಕೋಣ ಅದಲು ಬದಲು ಮಾಡಿಕೊಳ್ಳಿ. ಆದರೆ ತರುವ ಮುಂಚೆ ಬ್ರೂಸೆಲ್ಲಾ ಪರೀಕ್ಷೆ ಆಗಲೇಬೇಕು. ಇಲ್ಲದಿದ್ದರೆ ಒಂದು ತೊಂದರೆ ಕಳೆದು ಇನ್ನೊಂದು ತಂದುಕೊಂಡ ಹಾಗೆ.

ಹುಬ್ಬಳ್ಳಿಯಿಂದ_ನೆಬ್ರಾಸ್ಕಾ

ಇನ್ನೆರಡು ಹೇಳಿ ಮುಗಿಸ್ತೀನಿ. ಇಲ್ಲಿ ಸೂಜಿ ಹಾಕುವುದು ಕುತ್ತಿಗೆಗೇ. ತೊಡೆಗೆ ಹಾಕಿದರೆ ಬೆಲೆಬಾಳುವ ಮಾಂಸ ಕೆಡುತ್ತೆ ಅಂತ. ನಮಗೆ ಮಾಂಸದ ಚಿಂತೆ ಇಲ್ಲ, ಆದರೆ ಬಡಕಲು ದನ, ಸಣ್ಣ ಕರುವಿನ ಹಿಂಭಾಗಕ್ಕೆ ಚುಚ್ಚಿ ನರಕ್ಕೆ ತಾಗಿ ಕಾಲು ಎಳೆಯುವುದನ್ನು ನಾವೆಲ್ಲ ನೋಡಿದ್ದೀವಿ. ಕುತ್ತಿಗೆಯೇ ಒಳ್ಳೆಯದು.

ಎರಡನೆಯದು ದನ ಹೊಡೆಯುವ ರೀತಿ. ದನದ ಭುಜದ ಹಿಂದೆ ನಾವು ನಿಂತು ಹತ್ತಿರ ಹೋದರೆ ಅದು ಮುಂದೆ ಹೋಗುತ್ತೆ. ಭುಜದ ಮುಂದೆ ನಿಂತರೆ ಹಿಂದೆ ಸರಿಯುತ್ತೆ. ಒಂದು ಹೆಜ್ಜೆ ಹಿಂದೆ ಇಟ್ಟರೆ ನಿಲ್ಲುತ್ತೆ. ಬಾಲ ತಿರುಚುವುದು, ಕೂಗುವುದು, ಬಡಿಗೆ ಎತ್ತುವುದು ಬೇಕಾಗಲ್ಲ. ಲಸಿಕೆ ಕ್ಯಾಂಪಿನಲ್ಲಿ ದನ ನಿಲ್ಲಿಸುವ ಚೌಕಟ್ಟು, ಅಂದ್ರೆ ಟ್ರೆವಿಸ್‌ಗೆ ಎಮ್ಮೆ ಹೋಗದೆ ಗದ್ದಲ ಆಗುತ್ತಲ್ಲ, ಆ ದಿನ ಇದನ್ನು ಮಾಡಿ ನೋಡಿ.

ಎಮ್ಮೆ_ದಡ್ಡಿ

ಇದು ನಮಗೆ ಹುಟ್ಟಿನಿಂದ ಗೊತ್ತು ಅಕ್ಕಾ. ಡಾಕ್ಟ್ರಿಗೆ ನಾವೇ ಕಲಿಸ್ತೀವಿ.

ಕುಂದಗೋಳ_ಲೇಡಿ_ಡಾಕ್ಟ್ರು

ಅದಕ್ಕೇ ನಾನು ಹೇಳೋದು. ತರಬೇತಿ ಹಾಲ್‌ನಲ್ಲಿ ಪ್ರೊಜೆಕ್ಟರ್ ಮುಂದೆ ಬೇಡ. ದಡ್ಡಿಯಲ್ಲಿ ಆಗಲಿ. ಗದಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ, ಹುಲಕೋಟಿ ಮತ್ತು ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ. ದನ ಇದೆ, ಓದಿದವರು ಇದ್ದಾರೆ, ಗೌಳಿಗರಂಥ ಅನುಭವಸ್ಥರೂ ಇದ್ದಾರೆ. ಒಂದು ಹಿಂಡನ್ನು ವರ್ಷಪೂರ್ತಿ ನಾಲ್ಕಾರು ಪಶುವೈದ್ಯರು ಕೂಡಿ ನೋಡಿಕೊಂಡರೆ ಅದಕ್ಕಿಂತ ದೊಡ್ಡ ಕೋರ್ಸ್ ಇಲ್ಲ. ಈದ ದಿನ, ಕಂದು ಹಾಕಿದ್ದು, ಸತ್ತಿದ್ದು, ಮೈಕಟ್ಟಿನ ಅಂಕ, ಎಲ್ಲ ಒಂದೇ ನೋಟ್‌ಬುಕ್ಕಿನಲ್ಲಿ. ಎಮ್ಮೆ ಹತ್ತು ತಿಂಗಳು ಹೊರುತ್ತೆ. ಎರಡು ಕರುವಿನ ನಡುವೆ 14–15 ತಿಂಗಳು ಇದ್ದರೆ ಚೆನ್ನ. ನಮ್ಮ ದಡ್ಡಿಗಳಲ್ಲಿ ಎಷ್ಟಿದೆ ಅಂತ ಬರೆದಿಟ್ಟವರೇ ಇಲ್ಲ.

ಶಿಗ್ಗಾಂವಿ_ಎಐ_ಕಾರ್ಯಕರ್ತ

ಇದಕ್ಕೆ ನಾನು ಒಪ್ತೀನಿ. ದಾಖಲೆ ಬರೆಯುವ ಕೆಲಸ ನಮ್ಮಂಥವರಿಗೆ ಕೊಡಿ, ಡಾಕ್ಟ್ರಿಗೆ ಹೊರೆ ಆಗಲ್ಲ. ಸಂತೆಯಲ್ಲಿ ಹೊಸ ದನ ಬಂದದ್ದೂ ನಮಗೇ ಮೊದಲು ಗೊತ್ತಾಗೋದು.

ಡೇರಿ_ನವಲಗುಂದ

ಉಣ್ಣೆಗೆ ಒಂದೇ ಔಷಧಿ ವರ್ಷಗಟ್ಟಲೆ ಹೊಡೆದು ಈಗ ಕೆಲಸವೇ ಮಾಡ್ತಿಲ್ಲ. ಅದನ್ನೂ ಪಟ್ಟಿಗೆ ಸೇರಿಸಿ.

ನಿವೃತ್ತ_ಪಶುವೈದ್ಯ_ಗದಗ

ಸೇರಿಸೋಣ. ಮೈಗೆ ಮಾತ್ರ ಹೊಡೆದು ಗೋಡೆಯ ಬಿರುಕು ಬಿಟ್ಟರೆ ಯಾವ ಔಷಧಿಯೂ ಸಾಲಲ್ಲ. ನೀರು ಜಾಸ್ತಿ ಬೆರೆಸಿ ತೆಳು ಮಾಡಿ ಹೊಡೆಯುವುದು ಇನ್ನೊಂದು ಕಾರಣ.

ಹಾನಗಲ್_ಪಶುವೈದ್ಯ

ಇಷ್ಟು ಬರೆದ ಎಲ್ಲರಿಗೂ ಧನ್ಯವಾದ. ನನ್ನ ತೀರ್ಮಾನ ಹೇಳ್ತೀನಿ. ಆ ಕೋರ್ಸ್ ಪೂರ್ತಿ ತಗೊಳ್ಳಲ್ಲ. ಬಿಡಿ ಬಿಡಿಯಾಗಿ ಕೊಡ್ತಾರಾ ಕೇಳಿ, ಕರು ಆರೋಗ್ಯ, ಹೋರಿ ಪರೀಕ್ಷೆ, ದಾಖಲೆ, ಈ ಮೂರು ಪಾಠಗಳನ್ನು ತಗೊಳ್ತೀನಿ. ಉಳಿದ ದುಡ್ಡಿಗೆ ತೋಳುದ್ದದ ಕೈಗವಸು, ಅಳತೆ ಪಟ್ಟಿ, ರಕ್ತದ ಟ್ಯೂಬ್.

ಎಮ್ಮೆ ಮಳೆಗಾಲದಿಂದ ಚಳಿಗಾಲದ ತನಕ ಈಯುವುದೇ ಜಾಸ್ತಿ. ಹಾಗಾಗಿ ಈಗಲೇ ಶುರು ಮಾಡಿದರೆ ಈ ಸಲದ ಕರುಗಳನ್ನೇ ನೋಡಬಹುದು. ಗೌಳಿ ಅಣ್ಣಾ, ನಿಮ್ಮ ದಡ್ಡಿಗೆ ನಾವು ಬರಬಹುದಾ? ಕುಂದಗೋಳ ಮೇಡಂ, ಇಂಟರ್ನಿ ತಮ್ಮ, ನೀವೂ ಬನ್ನಿ. ಕೋಣದ ರಕ್ತ ಮೊದಲ ದಿನವೇ ತೆಗೆಯೋಣ.

ಎಮ್ಮೆ_ದಡ್ಡಿ

ಧಾರಾಳವಾಗಿ ಬನ್ನಿ ಸರ್. ಹಾಲು ಕರೆದು ಆರೂವರೆಗೆ ಬಿಡ್ತೀವಿ, ಅದಕ್ಕೆ ಮುಂಚೆ ಇರಬೇಕು. ಕೋಣ ಹೊಸಬರನ್ನು ಕಂಡರೆ ಬೆದರುತ್ತೆ, ಬಿಳಿ ಕೋಟು ಹಾಕಿಕೊಂಡು ಬರಬೇಡಿ.

ಇಂಟರ್ನಿ_ಗದಗ

ನಾನು ಬರ್ತೀನಿ ಸರ್. ಗದಗದಿಂದ ಬೆಳಗಿನ ಬಸ್ಸಿಗೆ ಹೊರಟರೆ ಅಷ್ಟೊತ್ತಿಗೆ ಮುಟ್ಟಲ್ಲ, ಹಿಂದಿನ ರಾತ್ರಿಯೇ ಹುಬ್ಬಳ್ಳಿಗೆ ಬಂದಿರ್ತೀನಿ. ಅಲ್ಲಿಂದ ಯಾರ ಗಾಡಿ?

ಕುಂದಗೋಳ_ಲೇಡಿ_ಡಾಕ್ಟ್ರು

ನನ್ನದು. ಐದಕ್ಕೆ ಹೊಸ ಬಸ್‌ಸ್ಟ್ಯಾಂಡ್ ಹತ್ತಿರ ನಿಂತಿರು. ಐಸ್ ಬಾಕ್ಸ್ ನಾನು ತರ್ತೀನಿ, ಸ್ಲೈಡು ನೀನು ತಾ.